ಅಜ್ಜನ ರಕ್ತಕ್ಕೆ ಮರೆಯದ ಫ್ಲೂ

ಮುಂಬಯಿ ಕಡೆಯಿಂದ ಬರುವ ರೈಲು ಶಹಾಬಾದ್ ದಾಟಿದರೆ ವಾಡಿ ಜಂಕ್ಷನ್. ಅಲ್ಲಿಂದ ಚಿತ್ತಾಪುರ, ಸೇಡಂ ಮೂಲಕ ಹೈದರಾಬಾದಿಗೆ ಒಂದು ಕವಲು. ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾದ ಹಾದಿ ಅದು. ಚಿಂಚೋಳಿಗೆ ಮಾತ್ರ ಆ ಭಾಗ್ಯವಿಲ್ಲ. ಅಲ್ಲಿಯವರು ಬೇರೆ ಊರಿಗೆ ಬಂದೇ ರೈಲು ಹತ್ತಬೇಕು. 1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಮುಂಬಯಿ ಬಂದರಿನಲ್ಲಿ ಇಳಿದು ದೇಶದ ಒಳನಾಡಿಗೆ ಹಬ್ಬಿದ್ದು ಬಹುಪಾಲು ರೈಲು ಹಳಿಗಳ ಗುಂಟವೇ. ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಗೂ ಮಿಗಿಲು ಎಂದು ಅಂದಾಜು.

ಬದುಕಿ ಉಳಿದವರ ಕಥೆಯೂ ಸ್ವಾರಸ್ಯದ್ದೇ. ಆ ಪಿಡುಗಿನ ಕಾಲಕ್ಕೆ ಮಕ್ಕಳಾಗಿದ್ದ 32 ಮಂದಿಯ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲ 90 ದಾಟಿದ ವೃದ್ಧರು. ಅಷ್ಟೂ ಮಂದಿಯ ರಕ್ತ 1918ರ ವೈರಸ್ಸನ್ನು ಗುರುತಿಸಿತು!

ಗುರುತಿಸುವುದು ಎಂದರೇನು? ದೇಹಕ್ಕೆ ವೈರಸ್ಸಿನ ಹೆಸರು ಗೊತ್ತಿಲ್ಲ, ಗೊತ್ತಾಗುವುದು ಆಕಾರ ಮಾತ್ರ. ಫ್ಲೂ ವೈರಸ್ಸಿನ ಮೈತುಂಬ ನೂರಾರು ಮುಳ್ಳುಗಳಿವೆ. ಅವುಗಳಲ್ಲಿ ಮುಖ್ಯವಾದ ಪ್ರೋಟೀನಿನ ಹೆಸರು ಹೀಮಗ್ಲುಟಿನಿನ್. ಅದರ ರೂಪ ಅಣಬೆಯಂತೆ: ಮೇಲೆ ತಲೆ, ಕೆಳಗೆ ಕಾಂಡ. ವೈರಸ್ಸು ನಮ್ಮ ಶ್ವಾಸನಾಳದ ಜೀವಕೋಶವನ್ನು ಕಚ್ಚಿಕೊಳ್ಳುವುದು ಈ ತಲೆಯಿಂದ. ಬಿಳಿ ರಕ್ತಕಣಗಳು ತಯಾರಿಸುವ ಪ್ರತಿಕಾಯ ಕವೆಗೋಲಿನಂತಿದೆ. ಅದರ ಎರಡು ತುದಿಗಳು ಆ ತಲೆಯ ಉಬ್ಬುತಗ್ಗುಗಳಿಗೆ ಸರಿಯಾಗಿ ಕೂತರೆ ವೈರಸ್ಸಿಗೆ ಕಚ್ಚಲು ಜಾಗವೇ ಇರುವುದಿಲ್ಲ. ರೋಗ ವಾಸಿಯಾದ ಮೇಲೂ ಕೆಲವು ಕಣಗಳು ಆ ಅಚ್ಚನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತವೆ.

ಹಾಗಾದರೆ ಫ್ಲೂ ಮತ್ತೆ ಮತ್ತೆ ಬರುವುದೇಕೆ? ವೈರಸ್ಸು ತನ್ನ ನಕಲು ಮಾಡಿಕೊಳ್ಳುವಾಗ ಬಹಳ ತಪ್ಪು ಮಾಡುತ್ತದೆ. ಆ ತಪ್ಪುಗಳಿಂದ ತಲೆಯ ಆಕಾರ ಬದಲಾಗುತ್ತ ಹೋಗಿ, ಹಳೆಯ ಪ್ರತಿಕಾಯದ ಹಿಡಿತ ಜಾರುತ್ತದೆ. 2009ರ ಎಚ್1ಎನ್1 ಪಿಡುಗಿನಲ್ಲಿ ಮಾತ್ರ ತಿರುವುಮುರುವಾಯಿತು. ಮಕ್ಕಳು, ಯುವಕರು ಹೆಚ್ಚಾಗಿ ಹಾಸಿಗೆ ಹಿಡಿದರೆ ಅನೇಕ ಮುದುಕರು ಪಾರಾದರು. ಹಂದಿಗಳ ಮೂಲಕ ಬಂದ ಆ ವೈರಸ್ಸಿನ ತಲೆ 1918ರ ವಂಶದ್ದು. ಅಜ್ಜ ಅಜ್ಜಿಯರಿಗೆ ಅದು ಬಾಲ್ಯದಲ್ಲಿ ಕಂಡ ಮುಖ.

ಕಾಂಡದ ಮಾತು ಬೇರೆ. ವೈರಸ್ಸು ಕೋಶದೊಳಗೆ ತೂರಬೇಕಾದರೆ ಕಾಂಡ ಮಡಚಿಕೊಳ್ಳಲೇಬೇಕು. ಆ ಯಂತ್ರ ಕೆಟ್ಟರೆ ವೈರಸ್ಸೇ ಇಲ್ಲ. ಆದ್ದರಿಂದ ಅಲ್ಲಿ ಬದಲಾವಣೆ ಕಡಿಮೆ. ಕಾಂಡವನ್ನೇ ಹಿಡಿಯುವ ಪ್ರತಿಕಾಯವನ್ನು ಜಪಾನಿನ ವಿಜ್ಞಾನಿಗಳು 1993ರಲ್ಲಿ ಇಲಿಗಳಲ್ಲಿ ಕಂಡರು. ಆಮೇಲೆ ಮನುಷ್ಯರಲ್ಲೂ ಸಿಕ್ಕಿತು. ಆದರೆ ದೇಹದ ಗಮನವೆಲ್ಲ ಎದ್ದು ಕಾಣುವ ತಲೆಯ ಮೇಲೆಯೇ. ಅದಕ್ಕೇ ತಲೆ ಕತ್ತರಿಸಿ, ಬರೀ ಕಾಂಡದಿಂದ ಲಸಿಕೆ ಮಾಡುವ ಯತ್ನ ನಡೆದಿದೆ.

ಅದರ ಪರೀಕ್ಷೆಗೆ ಒದಗಿದ್ದು ಮಕಾಕ್ ಮಂಗಗಳು. ಬಾದಾಮಿಯಲ್ಲಿ ಪ್ರವಾಸಿಗರ ಕೈಯ ಬಾಳೆಹಣ್ಣು ಕಸಿಯುವ ಕೋತಿಯೂ ಇದೇ ಕುಲದ್ದು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಂಗಗಳ ದೇಹ ಹಲವು ಬಗೆಯ ಫ್ಲೂ ವೈರಸ್ಸುಗಳನ್ನು ತಡೆಯುವ ಪ್ರತಿಕಾಯ ತಯಾರಿಸಿತು. ಮನುಷ್ಯರಲ್ಲಿ ಕಾಂಡ ಹಿಡಿಯುವ ಪ್ರತಿಕಾಯಗಳಲ್ಲಿ ಅನೇಕವು ಒಂದೇ ಜೀನಿನಿಂದ ಹುಟ್ಟುವಂಥವು. ಮಂಗಗಳು ಬೇರೆ ಜೀನು ಬಳಸಿಯೂ ಕಾಂಡಕ್ಕೇ ಕೈ ಹಾಕಿದವು.

ಇಂಥ ಲಸಿಕೆ ಔಷಧದಂಗಡಿಗೆ ಬರುವವರೆಗೆ ತಲೆಯ ಬೆನ್ನು ಹತ್ತುವುದೇ ದಾರಿ. ಮುಂದಿನ ಹಂಗಾಮಿನ ಲಸಿಕೆಗೆ ಯಾವ ವೈರಸ್ಸು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್ ಸುಮಾರಿಗೆ, ಸಭೆ ಸೇರಿ ಹೇಳುತ್ತದೆ.