ಅಂಗಡಿಯ ಧರ್ಮದ ಪೆಟ್ಟಿಗೆ

ಸಕಲೇಶಪುರ, ಆಲೂರು ಸೀಮೆಯ ಬೆಟ್ಟದ ಊರುಗಳಲ್ಲಿ ಬಡತನಕ್ಕೂ ಒಂದು ಋತುವುಂಟು. ಆರಿದ್ರಾ ಮಳೆ ಹಿಡಿದ ಮೇಲೆ ಪುಷ್ಯ, ಆಶ್ಲೇಷಗಳು ಕಳೆಯುವವರೆಗೆ ದಿನಗೂಲಿಯ ಕೆಲಸವು ಒಂದು ದಿನ ಉಂಟು, ಎರಡು ದಿನ ಇಲ್ಲ ಎಂಬಂತಾಗುವುದು. ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯು ಕಾಫಿಗೂ ಏಲಕ್ಕಿಗೂ ಪ್ರಾಣವಾದರೂ ಕೂಲಿಯವನ ಒಲೆಗೆ ವೈರಿಯೇ ಸರಿ. ಕಾಫಿಹಣ್ಣು ಕೊಯ್ದು ಗಳಿಸಿದ ಮಾಗಿಯ ಹಣವನ್ನು ಆಷಾಢದವರೆಗೆ ಉಳಿಸಿಕೊಳ್ಳಬಲ್ಲ ಸಂಸಾರಗಳು ವಿರಳ. ಅಂಥವರಿಗೆ ಊರಿನ ದಿನಸಿ ಅಂಗಡಿಯ ಮೂಲಕವೇ ನೆರವನ್ನು ಕೂಡಿಸುವ ಬಗೆಯನ್ನು ಕುರಿತು ವಾಚಕರೊಡನೆ, ವಿಶೇಷವಾಗಿ ಮನೆಯ ಲೆಕ್ಕವನ್ನು ನೋಡಿಕೊಳ್ಳುವ ಗೃಹಿಣಿಯರೊಡನೆ, ನಾಲ್ಕು ಮಾತನ್ನಾಡಲು ಬಯಸುತ್ತೇವೆ.

ಪರದೇಶಗಳಲ್ಲಿ ಇಂಥ ನೆರವಿನ ಉಗ್ರಾಣಕ್ಕೆ ಆಹಾರ ಬ್ಯಾಂಕು ಎಂದು ಹೆಸರು. 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಮೊದಲನೆಯದನ್ನು ತೆರೆದರು. ಅಲ್ಲಿಯ ಅಂಗಡಿಗಳಲ್ಲಿ ಹಣ ತೆರುವಾಗ ಗಿರಾಕಿಯು ಒಂದೆರಡು ಕಾಸನ್ನು ಈ ಕಾರ್ಯಕ್ಕೆ ಕೂಡಿಸಿ ಕೊಡುವ ರೂಢಿಯೂ ಉಂಟು. ನಮಗೆ ಇದು ಹೊಸ ಸಂಗತಿಯಲ್ಲ. ಭಾರತದ ಮಂಡಿ ವರ್ತಕರು ಬಹುಕಾಲದಿಂದ ಬಿಲ್ಲಿನ ಕೊನೆಯಲ್ಲಿ ಧರ್ಮಾದಾಯವೆಂಬ ಅಲ್ಪ ಮೊತ್ತವನ್ನು ಬರೆದು, ಅದನ್ನು ಧರ್ಮಕಾರ್ಯಗಳಿಗೆ ವಿನಿಯೋಗಿಸುತ್ತ ಬಂದಿದ್ದಾರೆ. ಈ ಹಣವು ವರ್ತಕನ ಆದಾಯವೇ, ಅದಕ್ಕೆ ತೆರಿಗೆಯುಂಟೇ ಎಂಬ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1979ರ ವರದಿಗಳಲ್ಲಿ ಅಚ್ಚಾದ ಬಿಜ್ಲಿ ಕಾಟನ್ ಮಿಲ್ಸಿನ ಮೊಕದ್ದಮೆಯಲ್ಲಿ ನ್ಯಾಯಾಧೀಶರು, ಧರ್ಮಕ್ಕೆಂದೇ ಪಡೆದು ಬೇರೆ ಲೆಕ್ಕದಲ್ಲಿಟ್ಟ ಹಣವು ಮೊದಲಿನಿಂದಲೂ ವರ್ತಕನದಲ್ಲವೆಂದು ತೀರ್ಮಾನಿಸಿದರು.

ಇದನ್ನು ಓದಿದಾಗ ನಮಗೆ ಧರ್ಮಶಾಸ್ತ್ರದ ನಿಕ್ಷೇಪ ಪ್ರಕರಣವು ಸ್ಮರಣೆಗೆ ಬಂದಿತು. ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಋಣದ ಬೆನ್ನಿಗೇ ಬರುವುದು ನಿಕ್ಷೇಪ. ಎಂದರೆ ಒಬ್ಬರು ನಂಬಿ ಇನ್ನೊಬ್ಬರ ಕೈಯಲ್ಲಿಟ್ಟ ಒಡವೆ. ಧರ್ಮದ ಪೆಟ್ಟಿಗೆಯೂ ಅಂಥದೇ. ಆದಕಾರಣ ಅದನ್ನು ಗಲ್ಲಾದೊಳಗೆ ಬೆರೆಸಿ, ತಿಂಗಳ ಕೊನೆಯಲ್ಲಿ ಅಂದಾಜಿನಿಂದ ಬೇರ್ಪಡಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಬೀಗವಿರುವ ಪೆಟ್ಟಿಗೆ ಬೇಕು. ಬೀಗದ ಕೈ ಅಂಗಡಿಯವರಲ್ಲದ ಇಬ್ಬರ ಬಳಿ ಇರಬೇಕು. ಪ್ರತಿ ಶನಿವಾರ ಎಣಿಸಿದ ಮೊತ್ತವನ್ನು ಅಂಗಡಿಯ ಬಾಗಿಲಲ್ಲೇ ಹಲಗೆಯ ಮೇಲೆ ಬರೆಯಬೇಕು. ಈಗ ಚಿಲ್ಲರೆಯೇ ಅಪರೂಪವಾಗಿ, ಜನರು ಮೊಬೈಲಿನಿಂದ ಹಣ ಕಳುಹಿಸುವ ಕಾಲ. ಆದ್ದರಿಂದ ಸಂಗ್ರಹದ ಖಾತೆಯ ಕ್ಯೂಆರ್ ಫಲಕವನ್ನೂ ಅಂಗಡಿಯ ಫಲಕದಿಂದ ದೂರವಾಗಿ ತೂಗುಹಾಕುವುದು ಮೇಲು. 347 ರೂಪಾಯಿಯ ಸಾಮಾನಿಗೆ 350 ಕೊಟ್ಟು ಉಳಿದ 3 ರೂಪಾಯಿಯನ್ನು ಬಿಟ್ಟುಬಿಡುವಂತೆ ಕೇಳಬಹುದು. ಆದರೆ ಕೇಳದೆಯೇ ಬಿಲ್ಲಿಗೆ ಸೇರಿಸುವುದು ದಾನವಾಗದು. ಬೇಡವೆಂದವರ ಮುಖವನ್ನು ಎರಡನೆಯ ಬಾರಿ ನೋಡಲೂಬಾರದು; ಅವರ ಮನೆಯ ಸಂಕಟ ನಮಗೇನು ಗೊತ್ತು?

ದಿನಕ್ಕೆ 100 ಜನ ತಲಾ 2 ರೂಪಾಯಿ ಬಿಟ್ಟರೆ, 25 ದಿನಗಳಲ್ಲಿ 5000 ರೂಪಾಯಿ. ಇದರಿಂದ ಅಕ್ಕಿಯನ್ನೇ ಕೊಳ್ಳಬೇಕೆಂದು ಹಲವರು ಹೇಳುವರು. 2013ರ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯುವುದರಿಂದ, ಚೀಟಿಯುಳ್ಳ ಮನೆಗಳಲ್ಲಿ ಅಕ್ಕಿಗಿಂತ ತೊಗರಿಬೇಳೆ, ಅಡಿಗೆ ಎಣ್ಣೆ, ಮೆಣಸಿನಕಾಯಿ, ಸೋಪುಗಳ ಕೊರತೆಯೇ ಹೆಚ್ಚು. ಬರಿಯ ಅನ್ನಕ್ಕೆ ಉಪ್ಪು ಕಲಸಿ ಮಕ್ಕಳಿಗಿಡುವ ತಾಯಿಗೆ ಮತ್ತೊಂದು ಚೀಲ ಅಕ್ಕಿ ಕೊಟ್ಟರೆ ಏನು ಬಂತು? ಪರರಾಜ್ಯಗಳಿಂದ ಬಂದು ತೋಟದ ಲೈನುಮನೆಗಳಲ್ಲಿರುವವರ ಪೈಕಿ ಚೀಟಿಯಿಲ್ಲದವರಿದ್ದರೆ ಅವರಿಗೆ ಮಾತ್ರ ಅಕ್ಕಿಯೇ ಮೊದಲು. ಕೊಳ್ಳುವ ಮುನ್ನ ಅಂಗನವಾಡಿಯವರನ್ನೂ ಆಶಾ ಕಾರ್ಯಕರ್ತೆಯರನ್ನೂ ವಿಚಾರಿಸಿದರೆ ಯಾವ ಮನೆಗೆ ಏನು ಬೇಕೆಂಬುದು ತಿಳಿಯುವುದು.

ಸಾಮಾನನ್ನು ಅದೇ ಅಂಗಡಿಯಲ್ಲಿ ಕೊಳ್ಳುವುದಾದರೆ ಸಗಟು ದರಕ್ಕೇ ಕೊಡುವಂತೆ ಮೊದಲೇ ಮಾತಾಗಲಿ. ಧರ್ಮದ ಹೆಸರಿನಲ್ಲಿ ಹಳೆಯ ದಾಸ್ತಾನು ಖಾಲಿಯಾಗಕೂಡದು. ಹಂಚುವಾಗ ಸಭೆ, ಹಾರ, ಭಾವಚಿತ್ರಗಳು ಬೇಡ. ಪಡೆಯುವವನು ಉಳಿದ ಗಿರಾಕಿಗಳಂತೆಯೇ ಸಂಜೆ ಅಂಗಡಿಗೆ ಬಂದು, ಚೀಟಿ ಕೊಟ್ಟು, ಚೀಲ ತುಂಬಿಸಿಕೊಂಡು ಹೋಗಲಿ.

ಇನ್ನೊಂದು ಸೂಕ್ಷ್ಮವುಂಟು, ಇದನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇವೆ. ಇಂಥ ಸಂಸಾರಗಳಲ್ಲಿ ಬಹಳ ಮಂದಿಗೆ ಅದೇ ಅಂಗಡಿಯಲ್ಲಿ ಸಾಲದ ಪುಸ್ತಕವಿರುತ್ತದೆ. ಅಂಗಡಿಯವನು ಒಳ್ಳೆಯವನೇ ಆಗಿದ್ದರೂ, ಬಾಕಿಯವನು ಎದುರಿಗೆ ಬಂದಾಗ ಚೀಟಿಯ ಮೊತ್ತವನ್ನು ಹಳೆಯ ಲೆಕ್ಕಕ್ಕೆ ಮುರಿದುಕೊಳ್ಳುವ ಆಸೆ ಸಹಜ. ಮುರಿದುಕೊಂಡರೆ ಊರಿನವರು ಕೊಟ್ಟ ಬೇಳೆಯು ಅಂಗಡಿಯವನ ಬಾಕಿಗೆ ಜಮೆಯಾಗಿ, ಒಲೆಯು ಹಾಗೆಯೇ ತಣ್ಣಗಿರುವುದು. ಆದ್ದರಿಂದ ಪೆಟ್ಟಿಗೆಯನ್ನು ಇಡುವ ದಿನವೇ ಈ ಒಂದು ಕರಾರನ್ನು ಬರೆಸಿ, ಅಂಗಡಿಯವರ ರುಜು ಪಡೆದು, ಮೊತ್ತ ಬರೆಯುವ ಹಲಗೆಯ ಕೆಳಗೇ ಅಂಟಿಸತಕ್ಕದ್ದು. ಸಂಗ್ರಹವನ್ನು ಯುಗಾದಿಗೆ ಆರಂಭಿಸಿದರೆ ಆರಿದ್ರೆಯ ಹೊತ್ತಿಗೆ ಮೊದಲ ಚೀಟಿಗಳನ್ನು ಕೊಡಬಹುದು.