ಮೊದಲ ಆಟದ ಖರ್ಚು ಯಾರ ತಲೆಗೆ?

1843ರ ನವೆಂಬರ್ 5ರಂದು ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ಮರಾಠಿ ನಾಟಕ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಾಗ ಟಿಕೆಟ್ಟಿನ ಚಿಂತೆ ಇರಲಿಲ್ಲ. ಆಡಿಸಿದವರು ಸಂಸ್ಥಾನದ ದೊರೆ ಪಟವರ್ಧನರೇ. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಹೋದ ಭಾಗವತರ ಮೇಳ. 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ್ದೇ ನಾಟಕ ಮಂಡಳಿ ಕಟ್ಟಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಹುಟ್ಟಿದ್ದು 1856ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ. ‘ಉಷಾಹರಣ’ ಆಡಿಸಿದಾಗ ಅವರಿಗೆ 25 ತುಂಬಿರಲಿಲ್ಲ. ಬ್ರಿಟಿಷರ ಕೈಯಲ್ಲಿದ್ದ ಗದಗಿನಲ್ಲಿ ಪಟವರ್ಧನರಂಥ ದೊರೆಯೂ ಇರಲಿಲ್ಲ.

ದೊರೆ ಇಲ್ಲದ ಕಡೆ ಊರೇ ದೊರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ಹುಡುಗರು ನಾಟಕ ಹಾಕಬೇಕಾದರೆ ಮೊದಲು ಪಟ್ಟಿ ಎತ್ತಬೇಕು. ಹಾರ್ಮೋನಿಯಂ ಮಾಸ್ತರ್, ಹೊರಗಿನಿಂದ ಕರೆಸುವ ನಟಿಯರು, ಬಾಡಿಗೆ ಸೀನರಿ, ಮೈಕು, ಪೆಂಡಾಲು, ತಾಲೀಮಿನ ರಾತ್ರಿಗಳ ಚಹಾ. ಲೆಕ್ಕಕ್ಕೆ ಎಲ್ಲ ಸೇರಿ 1 ಲಕ್ಷ ರೂ. ಎಂದು ಹಿಡಿಯೋಣ. ತಿಂಗಳುಗಟ್ಟಲೆ ತಾಲೀಮು ಮಾಡಿದರೂ ಆಟ ಸಾಮಾನ್ಯವಾಗಿ ಒಂದೇ ರಾತ್ರಿ. ಅಂದರೆ ಆಟವೊಂದಕ್ಕೆ ಬಿದ್ದದ್ದು ಪೂರಾ 1 ಲಕ್ಷ. ಕಂಪನಿ ನಾಟಕದವರು ಅಷ್ಟನ್ನೇ ಹೊಸ ಸೀನರಿಗೆ ಸುರಿದು 100 ಪ್ರಯೋಗ ಆಡಿದರೆ ಆಟಕ್ಕೆ ಬೀಳುವುದು 1,000 ರೂ. ಮಾತ್ರ. ಕಂಪನಿಯವರು ಮೊದಲ ರಾತ್ರಿಗಿಂತ ನೂರನೆಯ ಪ್ರಯೋಗವನ್ನು ಮೆರೆಸುವುದು ಸುಮ್ಮನೆ ಅಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ 10 ಸಾವಿರ ದಾಟಿದ್ದು ಗೊತ್ತೇ ಇದೆ. 60 ವರ್ಷಕ್ಕೆ ಹಂಚಿದರೂ ವರ್ಷಕ್ಕೆ 166 ಆಟ!

ದಿನದ ಖರ್ಚು ಬೇರೆ. 40 ಜನರ ಕಂಪನಿ, ತಲೆಗೆ ಸರಾಸರಿ 500 ರೂ. ಪಗಾರ ಎಂದು ನಾನೇ ಅಂದಾಜು ಹಾಕಿದೆ: 20 ಸಾವಿರ. ಟಿಕೆಟ್ಟಿಗೆ 100 ರೂ. ಎಂದರೆ ದಿನದ ಎರಡು ಆಟ ಸೇರಿ 200 ಜನ ಬರಬೇಕು. ಊಟ, ಕರೆಂಟು, ಜಾಗದ ಬಾಡಿಗೆ ಇನ್ನೂ ಹೊರಗೇ ಉಳಿದಿವೆ. ಕ್ಯಾಂಪ್ ಎಲ್ಲಿ, ಯಾವಾಗ ಎಂಬುದೇ ಇಲ್ಲಿ ಮುಖ್ಯ. ನಾಟಕ ಯಾವುದು ಎಂಬುದು ಆಮೇಲಿನ ಮಾತು. ರೈತರ ಕೈಗೆ ದುಡ್ಡು ಬರುವ ಕಾಲ ನೋಡಬೇಕು: ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಹರಿದು ಬರುವುದು ಜನವರಿಯಿಂದ ಬೇಸಿಗೆವರೆಗೆ, ವಹಿವಾಟು ಸೋಮವಾರ ಮತ್ತು ಗುರುವಾರ. ತಗಡಿನ ಥೇಟರಿಗೂ ಮಳೆಯಿಲ್ಲದ ಆ ತಿಂಗಳುಗಳೇ ಬೇಕು. ಆದರೆ 2024ರ ಮಾರ್ಚ್‌ನಲ್ಲಿ ದರ ಕುಸಿದು ಮಾರುಕಟ್ಟೆಯಲ್ಲೇ ವಾಹನಗಳಿಗೆ ಬೆಂಕಿ ಬಿತ್ತು. ಕಾಯಿಗೆ ದರ ಇಲ್ಲದ ವರ್ಷ ನಾಟಕಕ್ಕೆ ಯಾರ ಕಿಸೆ ಬಿಚ್ಚೀತು?

ಸರಕಾರದ ಕಾಟ ಅಷ್ಟಿಲ್ಲ. 500 ರೂ.ವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿಯೇ ಇಲ್ಲ. ಕಂಪನಿ ಮಾಲೀಕನನ್ನು ಹಣ್ಣು ಮಾಡುವುದು ಸಾಗಾಟ. ಲಂಡನ್ನಿನ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಿಂದ ಅಲ್ಲೇ ನಡೆಯುತ್ತಿದ್ದು, ರಂಗಮಂದಿರ ಬದಲಿಸಿದ್ದು 1974ರಲ್ಲಿ ಒಮ್ಮೆ ಮಾತ್ರ. ನಮ್ಮವರು ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಬೇಕಾದರೂ ತಗಡು, ಕಂಬ, ಕುರ್ಚಿ, ಪರದೆ ಎಲ್ಲ ಬಿಚ್ಚಿ ಲಾರಿಗೆ ಹೇರಬೇಕು; ಥೇಟರು ಮತ್ತೆ ನಿಲ್ಲುವವರೆಗೆ ಕಲೆಕ್ಷನ್ ಸೊನ್ನೆ, ಪಗಾರ ಚಾಲೂ.