ಕುರು ಹಿಸುಕಬಾರದು, ಯಾಕೆ?

ಉಮರ್ಗಾ, ನಿಲಂಗಾ, ಉದಗೀರ ಕಡೆ ಹೊಲಕ್ಕೆ ಹೋಗುವ ನಿಮಗೆ ಜಾಲಿಮುಳ್ಳು ಹೊಸದಲ್ಲ. ಮುಳ್ಳು ತೆಗೆದರೂ ಎರಡು-ಮೂರು ದಿನಕ್ಕೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತು ನೋಯುವುದುಂಟು. ಅದೇ ಕುರು; ಮರಾಠಿಯಲ್ಲಿ ‘ಗಳೂ’.

ಮುಳ್ಳಿನ ಜೊತೆ ರೋಗಾಣುಗಳೂ ಒಳಗೆ ಹೋಗುತ್ತವೆ. ಅವನ್ನು ನುಂಗಲು ರಕ್ತದ ಬಿಳಿ ಕಣಗಳು ಧಾವಿಸಿ ಬರುತ್ತವೆ. ಸತ್ತ ಬಿಳಿ ಕಣ, ರೋಗಾಣು, ಕರಗಿದ ಅಂಗಾಂಶ ಸೇರಿದ್ದೇ ಕೀವು. 1880ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್‌ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದ್ರಾಕ್ಷಿ ಗೊಂಚಲಿನಂಥ ರೋಗಾಣುಗಳು ಕಂಡವು. ಮುಂದೆ ಅವಕ್ಕೆ ‘ಸ್ಟ್ಯಾಫಿಲೊಕಾಕಸ್’ ಎಂದು ಹೆಸರಿಟ್ಟರು.

ಸೋಂಕು ಹರಡದಿರಲಿ ಅಂತ ದೇಹ ಕೀವಿನ ಸುತ್ತ ಗೋಡೆ ಕಟ್ಟುತ್ತದೆ. ನೀವು ಹಿಸುಕಿದರೆ ಗೋಡೆ ಒಳಮುಖವಾಗಿ ಒಡೆದು, ರೋಗಾಣು ರಕ್ತಕ್ಕೂ ಸೇರಬಹುದು. ಇದೇ ಗೋಡೆಯಿಂದಾಗಿ ಔಷಧಿಯೂ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ ದೊಡ್ಡ ಕುರುವನ್ನು ಡಾಕ್ಟರು ಕೊಯ್ದು ಕೀವು ತೆಗೆಯುತ್ತಾರೆ.

ಮುಳ್ಳು ಚುಚ್ಚಿದ ಕೂಡಲೇ ಸಾಬೂನು ಹಚ್ಚಿ ತೊಳೀರಿ. ಕುರು ಎದ್ದರೆ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಿ. ಪಿನ್ನು, ಸೂಜಿ ಚುಚ್ಚಬ್ಯಾಡ್ರಿ. ಜ್ವರ ಬಂದರೆ, ಕೆಂಪು ಗೆರೆ ಮೇಲಕ್ಕೇರಿದರೆ, ಇಲ್ಲವೇ ಕುರು ಮುಖದ ಮೇಲಿದ್ದರೆ ಅವತ್ತೇ ದವಾಖಾನೆಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಅವರ ಸಣ್ಣ ಕುರುವನ್ನೂ ಕಡೆಗಣಿಸಬೇಡಿ.